ನಮ್ಮ ನಂತರ ಇವನಿಗೆ ಯಾರು? ವಸತಿ ಆರೈಕೆಯ ಬಗ್ಗೆ ಎಂಟು ತಪ್ಪು ಕಲ್ಪನೆಗಳು

ಬೌದ್ಧಿಕ ಅಸಾಮರ್ಥ್ಯ ಅಥವಾ ಆಟಿಸಂ ಇರುವ ಮಕ್ಕಳ ತಂದೆತಾಯಿ ಒಂದೆಡೆ ಸೇರಿದರೆ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಬಂದು ನಿಲ್ಲುವುದು ಒಂದೇ ಪ್ರಶ್ನೆಗೆ: ‘ನಾವು ಕಣ್ಣು ಮುಚ್ಚಿದ ಮೇಲೆ ಇವನ ಗತಿಯೇನು?’ ನನ್ನ ಅಮ್ಮ ಈ ಪ್ರಶ್ನೆಯನ್ನು ಮೂವತ್ತು ವರ್ಷ ಹೊತ್ತು ತಿರುಗಿದಳು. ನನ್ನ ತಮ್ಮನಿಗೆ ಈಗ 44 ವರ್ಷ. ಬೌದ್ಧಿಕ ಅಸಾಮರ್ಥ್ಯದ ಜೊತೆಗೆ ಆಟಿಸಂ ಇದೆ. ಬಾಯಲ್ಲಿ ಬರುವ ಮಾತು ಹತ್ತು ಹನ್ನೆರಡು ಪದ. ಅಮ್ಮ ಹಾಸಿಗೆ ಹಿಡಿದಂದಿನಿಂದ ಅವನು ಎರಡು ಹೋಮ್‌ಗಳನ್ನು ಕಂಡಿದ್ದಾನೆ.

ಎರಡಕ್ಕೂ ಇರುವ ವ್ಯತ್ಯಾಸ ನನಗೆ ಮೊದಲು ಕಂಡದ್ದು ಕಾಫಿಯಲ್ಲಿ. ಮೊದಲಿನ ಕಡೆ ಸಂಜೆ ನಾಲ್ಕಕ್ಕೆ, ಬೆರೆಸಿಟ್ಟ ಕಾಫಿ ಪ್ಲಾಸ್ಟಿಕ್ ಲೋಟಗಳಲ್ಲಿ ಬರುತ್ತಿತ್ತು. ಸಾಲಾಗಿ ಕೂತವರು ಕುಡಿದು ಲೋಟ ವಾಪಸ್ ಕೊಡಬೇಕು. ಎಲ್ಲ ಎರಡು ನಿಮಿಷದ ಕೆಲಸ. ಈಗಿನ ಮನೆಯಲ್ಲಿ ತಮ್ಮ ತಾನೇ ಅಡುಗೆಮನೆಗೆ ಹೋಗಿ ತನ್ನ ಸ್ಟೀಲ್ ಲೋಟ ಎತ್ತಿಕೊಳ್ಳುತ್ತಾನೆ. ಡಿಕಾಕ್ಷನ್‌ಗೆ ಹಾಲು ಹಾಕುವಾಗ ಆರೈಕೆಯವರೊಬ್ಬರು ಅವನ ಮೊಣಕೈಗೆ ಆಸರೆ ಕೊಟ್ಟಿರುತ್ತಾರೆ. ಬಟ್ಟಲಿಗೆ ಸುರಿದು, ಮತ್ತೆ ಲೋಟಕ್ಕೆ ಸುರಿದು, ಒಂದಿಷ್ಟು ಕಟ್ಟೆಯ ಮೇಲೆ ಚೆಲ್ಲಿ, ಬಟ್ಟೆ ತಂದು ಒರೆಸಿ, ಆಮೇಲೆ ಕುಡಿಯುತ್ತಾನೆ. ಕಾಲು ಗಂಟೆ ಹಿಡಿಯುತ್ತದೆ. ಹೋಮ್ ಒಂದರ ಗುಣಮಟ್ಟ ಇರುವುದು ಆ ಕಾಲು ಗಂಟೆಯಲ್ಲಿ ಎಂದು ಅರ್ಥವಾಗಲು ನನಗೆ ವರ್ಷಗಳೇ ಬೇಕಾದವು. ನಡುವೆ ನಾನೂ ನಂಬಿಕೊಂಡಿದ್ದ, ಇವತ್ತಿಗೂ ಬೇರೆ ಕುಟುಂಬಗಳಿಂದ ಕೇಳುತ್ತಿರುವ ತಪ್ಪು ಕಲ್ಪನೆಗಳು ಇವು.

ತಪ್ಪು ಕಲ್ಪನೆ 1: ಹೋಮ್‌ಗೆ ಸೇರಿಸುವುದೆಂದರೆ ಕೈಬಿಟ್ಟಂತೆ

ವಾಸ್ತವ: ಮಗಳನ್ನು ಮದುವೆ ಮಾಡಿ ಕಳಿಸಿದರೆ, ಮಗನನ್ನು ಕೆಲಸಕ್ಕೆಂದು ಪರ ಊರಿಗೆ ಕಳಿಸಿದರೆ ಯಾರೂ ಕೈಬಿಟ್ಟರು ಅನ್ನುವುದಿಲ್ಲ. ವಯಸ್ಸಿಗೆ ಬಂದವರು ತಮ್ಮದೊಂದು ಬದುಕು ಕಟ್ಟಿಕೊಳ್ಳುವುದು ಲೋಕರೂಢಿ. ಕೈಬಿಟ್ಟಂತಾಗುವುದು, ಈ ಮಾತಿಗೆ ಹೆದರಿ ಕೊನೆ ಗಳಿಗೆಯವರೆಗೆ ಏನೂ ಮಾಡದೆ ಕೂತಾಗ. ಎಪ್ಪತ್ತೈದರ ತಾಯಿ ಬಚ್ಚಲಲ್ಲಿ ಜಾರಿಬಿದ್ದು ಆಸ್ಪತ್ರೆ ಸೇರುತ್ತಾಳೆ; ಅದೇ ವಾರ ಎಲ್ಲಿ ಹಾಸಿಗೆ ಖಾಲಿಯಿದೆಯೋ ಅಲ್ಲಿಗೆ ಮಗನನ್ನು ಸೇರಿಸಿ ಬರುತ್ತಾರೆ. ತಾಯಿ, ಮನೆ, ಮಲಗುವ ಮೂಲೆ, ಸಾರಿನ ರುಚಿ ಎಲ್ಲವೂ ಅವನಿಂದ ಒಂದೇ ಏಟಿಗೆ ಕೈತಪ್ಪುತ್ತವೆ. ದಿನಚರಿಯನ್ನೇ ಊರುಗೋಲು ಮಾಡಿಕೊಂಡ ಆಟಿಸಂನವರಿಗೆ ಇದು ತಡೆಯಲಾರದ ಪೆಟ್ಟು. ನಮ್ಮ ಮನೆಯಲ್ಲಿ ಆದದ್ದೂ ಹೀಗೇ.

ತಂದೆತಾಯಿ ಗಟ್ಟಿಮುಟ್ಟಾಗಿರುವಾಗಲೇ ಶುರು ಮಾಡಬೇಕು. ಮೊದಲು ಒಂದು ಮಧ್ಯಾಹ್ನ, ಆಮೇಲೆ ಒಂದು ರಾತ್ರಿ, ಆಮೇಲೆ ಒಂದು ವಾರ. 1999ರ ಕಾಯ್ದೆಯಡಿ ಬಂದ ನ್ಯಾಷನಲ್ ಟ್ರಸ್ಟ್‌ನ ‘ಸಮರ್ಥ್’, ‘ಘರೌಂದಾ’ ಯೋಜನೆಗಳು ರೂಪುಗೊಂಡದ್ದೇ ತಾತ್ಕಾಲಿಕ ಮತ್ತು ಜೀವನಪರ್ಯಂತದ ವಸತಿ ಆರೈಕೆಗಾಗಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 5ನೇ ಸೆಕ್ಷನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಮುದಾಯದ ನಡುವೆ ಬದುಕುವುದು ಇವರ ಹಕ್ಕು, ಇಂಥಲ್ಲೇ ಇರಬೇಕೆಂಬ ಕಟ್ಟುಪಾಡು ಇವರ ಮೇಲೆ ಬೀಳದಂತೆ ಸರ್ಕಾರ ನೋಡಿಕೊಳ್ಳಬೇಕು ಎನ್ನುತ್ತದೆ. ಆದ್ದರಿಂದ ಹೋಮ್ ಎಂಬುದು ಹಲವು ದಾರಿಗಳಲ್ಲಿ ಒಂದು. ಸೇರಿಸಿದ ಮೇಲೂ ಅಕ್ಕ ಅಕ್ಕನೇ, ಅಣ್ಣ ಅಣ್ಣನೇ.

ತಪ್ಪು ಕಲ್ಪನೆ 2: ವಯಸ್ಸು ನಲವತ್ತಾದರೂ ಮನಸ್ಸು ಮೂರು ವರ್ಷದ ಮಗುವಿನದು

ವಾಸ್ತವ: ‘ಮಾನಸಿಕ ವಯಸ್ಸು’ ಎಂಬುದು ಪರೀಕ್ಷೆಯ ಹಾಳೆಯಿಂದ ಬಂದ ಒಂದು ಅಂಕಿ. ಮೂರು ವರ್ಷದ ಮಗು 44 ವರ್ಷದ ಬದುಕನ್ನು ಕಂಡಿರುವುದಿಲ್ಲ. ನನ್ನ ತಮ್ಮ ತಾಯಿಯ ಸಾವನ್ನು ಕಂಡಿದ್ದಾನೆ, ದಿನಾ ಗಡ್ಡ ಬೋಳಿಸಿಕೊಳ್ಳುತ್ತಾನೆ, ತನಗೆ ಆಗದವರು ಬಂದರೆ ಎದ್ದು ಹೋಗುತ್ತಾನೆ. ‘ಮಗು’ ಎಂದು ಒಮ್ಮೆ ಒಪ್ಪಿಕೊಂಡರೆ ಅದರ ಹಿಂದೆಯೇ ಎಷ್ಟೋ ಅವಮಾನಗಳು ಬರುತ್ತವೆ: ಬಾಗಿಲು ತೆರೆದಿಟ್ಟೇ ಸ್ನಾನ, ಒಗೆದ ಬಟ್ಟೆಯ ರಾಶಿಯಿಂದ ಕೈಗೆ ಸಿಕ್ಕಿದ ಅಂಗಿ, ಹೇನಾಗುತ್ತದೆಂದು ಹೆಂಗಸರಿಗೂ ಒಂದೇ ಅಳತೆಯ ಕ್ರಾಪು, ಕೇಳದೆ ಕೋಣೆಯೊಳಗೆ ನುಗ್ಗುವುದು.

ಮಾತು ಬಾರದವರಿಗೂ ಇಷ್ಟಾನಿಷ್ಟ ಇರುತ್ತದೆ. ಎರಡು ಅಂಗಿ ಎತ್ತಿ ಹಿಡಿದರೆ ಕಣ್ಣು ಒಂದರ ಕಡೆ ಹೋಗುತ್ತದೆ. ಚಿತ್ರದ ಕಾರ್ಡು, ಕೈಸನ್ನೆ, ವಸ್ತುವನ್ನೇ ಎದುರಿಗಿಡುವುದು, ಹೀಗೆ ಅವರವರಿಗೆ ಹೊಂದುವ ದಾರಿ ಹುಡುಕುವುದು ಹೋಮ್‌ನ ಕೆಲಸ.

ಕಾನೂನಿನ ಕಣ್ಣಿನಲ್ಲಂತೂ 18 ತುಂಬಿದ ದಿನ ಇವರು ವಯಸ್ಕರು. ಅಂದಿನಿಂದ ತಂದೆತಾಯಿಯೂ ತಾವಾಗಿಯೇ ಪೋಷಕರಾಗಿ ಉಳಿಯುವುದಿಲ್ಲ. ಇದು ಬಹಳ ಕುಟುಂಬಗಳಿಗೆ ಗೊತ್ತಾಗುವುದೇ ಬ್ಯಾಂಕಿನಲ್ಲೋ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೋ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ, ಬಹುವಿಧ ವೈಕಲ್ಯ ಇರುವವರಿಗೆ ಕಾನೂನುಬದ್ಧ ಪೋಷಕರನ್ನು ನೇಮಿಸುವುದು ನ್ಯಾಷನಲ್ ಟ್ರಸ್ಟ್ ಕಾಯ್ದೆಯಂತೆ ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿ. ಹಾಗೆ ನೇಮಕವಾದವರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿ ಕೊಡಬೇಕು, ಮುಂದೆ ವರ್ಷವರ್ಷ ಲೆಕ್ಕ ಒಪ್ಪಿಸಬೇಕು. 2016ರ ಕಾಯ್ದೆ ಹೇಳುವ ‘ಸೀಮಿತ ಪೋಷಕತ್ವ’ದ ತಿರುಳು ಇದು: ತೀರ್ಮಾನ ಇಬ್ಬರೂ ಸೇರಿ, ಪರಸ್ಪರ ನಂಬಿಕೆಯಿಂದ ಆಗಬೇಕು.

ತಪ್ಪು ಕಲ್ಪನೆ 3: ಕಟ್ಟಡ ಚೆನ್ನಾಗಿದ್ದು ಶುಲ್ಕ ಜಾಸ್ತಿಯಿದ್ದರೆ ಆರೈಕೆಯೂ ಚೆನ್ನಾಗಿರುತ್ತದೆ

ವಾಸ್ತವ: ಇದಕ್ಕೆ ಉತ್ತರ ಇಂಗ್ಲೆಂಡಿನ ವಿಂಟರ್‌ಬೋರ್ನ್ ವ್ಯೂ. ಬ್ರಿಸ್ಟಲ್ ಹತ್ತಿರದ 24 ಹಾಸಿಗೆಗಳ ಖಾಸಗಿ ಆಸ್ಪತ್ರೆ ಅದು. ಬೌದ್ಧಿಕ ಅಸಾಮರ್ಥ್ಯ ಮತ್ತು ಆಟಿಸಂ ಇದ್ದ ವಯಸ್ಕರಿಗಾಗಿಯೇ ನಡೆಯುತ್ತಿತ್ತು. ಒಬ್ಬೊಬ್ಬರಿಗೆ ವಾರಕ್ಕೆ ಸರಾಸರಿ 3,500 ಪೌಂಡ್ ಸಾರ್ವಜನಿಕ ಹಣ ಹೋಗುತ್ತಿತ್ತು. 2011ರ ಮೇ 31ರಂದು ಬಿಬಿಸಿಯ ‘ಪನೋರಮಾ’ ಕಾರ್ಯಕ್ರಮ, ಅಲ್ಲಿ ಕೆಲಸಕ್ಕೆ ಸೇರಿಕೊಂಡಿದ್ದ ವರದಿಗಾರ ಗುಟ್ಟಾಗಿ ಚಿತ್ರೀಕರಿಸಿದ್ದನ್ನು ತೋರಿಸಿತು. ಸಿಬ್ಬಂದಿ ಅಲ್ಲಿದ್ದವರನ್ನು ಹೊಡೆಯುತ್ತಿದ್ದರು, ನೆಲಕ್ಕೆ ಒತ್ತಿ ಹಿಡಿಯುತ್ತಿದ್ದರು, ಬಟ್ಟೆ ಹಾಕಿದ್ದಂತೆಯೇ ತಣ್ಣೀರು ಸುರಿಯುತ್ತಿದ್ದರು. ಮರುತಿಂಗಳೇ ಅದು ಮುಚ್ಚಿತು. 2012ರ ಅಕ್ಟೋಬರ್‌ನಲ್ಲಿ 11 ಸಿಬ್ಬಂದಿಗೆ ಶಿಕ್ಷೆಯಾಯಿತು, ಅವರಲ್ಲಿ ಆರು ಜನ ಜೈಲಿಗೆ ಹೋದರು.

ಮನಕಲಕುವ ಇನ್ನೊಂದು ಸಂಗತಿಯಿದೆ. ಅಲ್ಲೇ ದುಡಿದಿದ್ದ ಹಿರಿಯ ನರ್ಸ್ ಒಬ್ಬರು ಆಡಳಿತಕ್ಕೂ, ಆರೈಕೆ ಸಂಸ್ಥೆಗಳ ಮೇಲೆ ನಿಗಾ ಇಡುವ ಆಯೋಗಕ್ಕೂ ಮೊದಲೇ ತಿಳಿಸಿದ್ದರು. ಯಾರೂ ಕಿವಿಗೊಡಲಿಲ್ಲ. ಕಟ್ಟಡ ಹೊಸದಿತ್ತು, ಹಣ ಬರುತ್ತಿತ್ತು, ಪರವಾನಗಿ ಇತ್ತು. ಹೊರಗಿನವರು ಅಲ್ಲಿದ್ದವರ ಕೋಣೆಗಳವರೆಗೆ ಹೋಗಿ ನೋಡುವ ಪರಿಪಾಠ ಮಾತ್ರ ಇರಲಿಲ್ಲ. ನಮ್ಮ ಕಡೆಯೂ ಹೋಮ್ ನೋಡಲು ಹೋದವರಿಗೆ ಸ್ವಾಗತಕೋಣೆ, ಟೈಲ್ಸ್, ಸಿಸಿಟಿವಿ, ಫಿಸಿಯೊಥೆರಪಿ ಯಂತ್ರಗಳ ದರ್ಶನವಾಗುತ್ತದೆ. ಮಲಗುವ ಕೋಣೆ ಮತ್ತು ಬಚ್ಚಲು ನೋಡದೆ ಬಂದರೆ ಹೋಮ್ ನೋಡಿದಂತಾಗುವುದಿಲ್ಲ.

ತಪ್ಪು ಕಲ್ಪನೆ 4: ದೊಡ್ಡ ಸಂಸ್ಥೆ ಕೆಟ್ಟದ್ದು, ನಾಲ್ಕೈದು ಜನರ ಸಣ್ಣ ಮನೆ ಒಳ್ಳೆಯದು

ವಾಸ್ತವ: ಅರ್ಧ ನಿಜ. ಸ್ವೀಡನ್ ಕಾನೂನು ಮಾಡಿ, 1999ರ ಕೊನೆಯೊಳಗೆ ದೊಡ್ಡ ಸಂಸ್ಥೆಗಳನ್ನು ಮುಚ್ಚಬೇಕೆಂದು ತೀರ್ಮಾನಿಸಿ, ಜನರನ್ನು ಊರೊಳಗಿನ ಸಣ್ಣ ಮನೆಗಳಿಗೆ ತಂದಿತು. ಇಂಗ್ಲೆಂಡಿನ ಅದೇ ನಿಗಾ ಆಯೋಗ 2017ರ ಮಾರ್ಗಸೂಚಿಯಲ್ಲಿ ಹೊಸ ಮನೆಗಳು ಸಾಮಾನ್ಯವಾಗಿ ಆರು ಜನರೊಳಗೆ ಇರಬೇಕೆಂದಿತು. ಐವತ್ತು ಜನರಿರುವಲ್ಲಿ ಸಾಲು, ಗಂಟೆ, ಒಂದೇ ಅಳತೆಯ ಊಟ ತಪ್ಪಿಸುವುದು ಕಷ್ಟ. ಹಾಗಾಗಿ ಸಣ್ಣದಾಗಿರುವುದು ಬೇಕು.

ಬೇಕು ನಿಜ, ಸಾಲದು. ಕೆಂಟ್ ವಿಶ್ವವಿದ್ಯಾಲಯದ ಜಿಮ್ ಮ್ಯಾನ್ಸೆಲ್ ಮತ್ತು ಅವರ ಸಂಗಡಿಗರು ಸಣ್ಣ ಮನೆಗಳೊಳಗೆ ಕೂತು, ಅಲ್ಲಿದ್ದವರು ಹೊತ್ತುಹೊತ್ತಿಗೆ ಏನು ಮಾಡುತ್ತಿದ್ದಾರೆಂದು ಬರೆದುಕೊಂಡು ಅಧ್ಯಯನ ಮಾಡಿದರು. ಅವರು ಕಂಡದ್ದು: ಎಷ್ಟೋ ಸಣ್ಣ ಮನೆಗಳಲ್ಲೂ ಸಿಬ್ಬಂದಿ ಅಡುಗೆ ಮಾಡುತ್ತಾರೆ, ಸಿಬ್ಬಂದಿ ಬಟ್ಟೆ ಮಡಚುತ್ತಾರೆ, ಮನೆಯವರು ಟೀವಿ ಮುಂದೆ ಸುಮ್ಮನೆ ಕೂತಿರುತ್ತಾರೆ. ವ್ಯತ್ಯಾಸ ಬರುವುದು ಸಿಬ್ಬಂದಿ ‘ಇವರಿಗಾಗಿ’ ಮಾಡುವುದನ್ನು ಬಿಟ್ಟು ‘ಇವರ ಜೊತೆ’ ಮಾಡತೊಡಗಿದಾಗ. ಕೆಲಸವನ್ನು ಸಣ್ಣ ಸಣ್ಣ ತುಂಡು ಮಾಡಿ, ಯಾವ ತುಂಡಿಗೆ ಎಷ್ಟು ಆಸರೆ ಬೇಕೋ ಅಷ್ಟೇ ಕೊಡುವ ಈ ಕ್ರಮಕ್ಕೆ ‘ಸಕ್ರಿಯ ಬೆಂಬಲ’ ಎನ್ನುತ್ತಾರೆ. ಬಟಾಣಿ ಸುಲಿಯಲು ಬಾರದವರು ಸುಲಿದ ಕಾಳನ್ನು ಪಾತ್ರೆಗೆ ಸುರಿಯಬಹುದು. ಮೊಣಕೈಗೆ ಆಸರೆ ಇದ್ದರೆ ಕಾಫಿ ಬೆರೆಸಬಹುದು.

ತಪ್ಪು ಕಲ್ಪನೆ 5: ಗಲಾಟೆ ಮಾಡಿದರೆ ಮಾತ್ರೆ ಬೇಕು, ಸುಮ್ಮನಿದ್ದರೆ ಚೆನ್ನಾಗಿದ್ದಾರೆ

ವಾಸ್ತವ: ಮೊದಲ ಹೋಮ್‌ನಲ್ಲಿದ್ದಾಗ ತಮ್ಮ ಬಲಗೆನ್ನೆಗೆ ಹೊಡೆದುಕೊಳ್ಳಲು ಶುರುಮಾಡಿದ. ‘ಬಿಹೇವಿಯರ್ ಜಾಸ್ತಿ ಆಗಿದೆ ಮೇಡಂ’ ಅಂದರು. ಮಾತ್ರೆಯ ಪ್ರಮಾಣ ಹೆಚ್ಚಾಯಿತು. ಹೊಡೆದುಕೊಳ್ಳುವುದು ಕಡಿಮೆಯಾಯಿತು, ಅದರ ಜೊತೆಗೆ ನಗುವುದೂ, ಹಾಡು ಗುನುಗುವುದೂ ನಿಂತಿತು. ‘ಈಗ ತುಂಬಾ ಶಾಂತ’ ಎಂದು ಹೇಳಿದಾಗ ನಾನೂ ಸಮಾಧಾನಪಟ್ಟೆ. ಎರಡು ತಿಂಗಳ ಮೇಲೆ ಹಬ್ಬಕ್ಕೆ ಮನೆಗೆ ಕರೆತಂದಾಗ ಅವನು ಹೋಳಿಗೆಯನ್ನು ಎಡಗಡೆ ಮಾತ್ರ ಅಗಿಯುತ್ತಿದ್ದ. ಮರುದಿನ ದಂತವೈದ್ಯರು ಬಾಯಿ ತೆರೆಸಿ ನೋಡಿದರು: ಬಲಗಡೆಯ ದವಡೆ ಹಲ್ಲು ಬುಡದವರೆಗೆ ಕೊಳೆತು ಕೀವು ತುಂಬಿತ್ತು. ಹಲ್ಲು ಕಿತ್ತ ಮೇಲೆ ಕೆನ್ನೆಗೆ ಹೊಡೆದುಕೊಳ್ಳುವುದು ಸಂಪೂರ್ಣ ನಿಂತಿತು. ಅವನು ಎರಡು ತಿಂಗಳು ‘ನೋವು’ ಎಂದು ತನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ ಹೇಳುತ್ತಿದ್ದ. ಕೇಳಿಸಿಕೊಳ್ಳದವರಲ್ಲಿ ನಾನೂ ಒಬ್ಬಳು.

ಗಲಾಟೆ ಎಂದು ನಾವು ಕರೆಯುವುದರ ಹಿಂದೆ ಬಹಳ ಸಲ ಒಂದು ಕಾರಣವಿರುತ್ತದೆ: ಹಲ್ಲುನೋವು, ಕಿವಿನೋವು, ಮಲಬದ್ಧತೆ, ಮಿಕ್ಸಿಯ ಸದ್ದು, ಮಿಣುಕುವ ಟ್ಯೂಬ್‌ಲೈಟ್, ಹೇಳದೆ ಬದಲಾದ ದಿನಚರಿ, ಪ್ರೀತಿಯ ಆರೈಕೆಯವರು ಕೆಲಸ ಬಿಟ್ಟದ್ದು. ಇಂಗ್ಲೆಂಡಿನಲ್ಲಿ ಯಾವುದೇ ಒಂದು ದಿನ ಬೌದ್ಧಿಕ ಅಸಾಮರ್ಥ್ಯವಿರುವ 30,000ದಿಂದ 35,000 ವಯಸ್ಕರು ತಕ್ಕ ವೈದ್ಯಕೀಯ ಕಾರಣವಿಲ್ಲದೆ ಮನೋರೋಗದ ಮಾತ್ರೆ ನುಂಗುತ್ತಿದ್ದಾರೆಂದು ಅಲ್ಲಿನ ಸರ್ಕಾರಿ ಸಂಸ್ಥೆಯೇ 2015ರಲ್ಲಿ ಅಂದಾಜು ಮಾಡಿತು. ಮರುವರ್ಷ ಇದನ್ನು ತಗ್ಗಿಸಲು ‘ಸ್ಟಾಂಪ್’ ಎಂಬ ರಾಷ್ಟ್ರೀಯ ಅಭಿಯಾನ ಶುರುವಾಯಿತು.

ಮಾತ್ರೆಯೇ ಬೇಡವೆಂದು ಇದರ ಅರ್ಥವಲ್ಲ. ಮೂರ್ಛೆರೋಗದ ಮಾತ್ರೆಯನ್ನಂತೂ ಒಂದು ದಿನವೂ ತಪ್ಪಿಸಬಾರದು. ಯಾವುದನ್ನೂ ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಆದರೆ ಪ್ರತಿ ಮಾತ್ರೆಗೂ ‘ಯಾಕೆ, ಎಂದಿನಿಂದ, ಮತ್ತೆ ಪರಿಶೀಲಿಸುವುದು ಯಾವಾಗ’ ಎಂಬ ಮೂರು ಪ್ರಶ್ನೆಗೆ ಹೋಮ್‌ನವರಲ್ಲಿ ಉತ್ತರ ಇರಬೇಕು.

ತಪ್ಪು ಕಲ್ಪನೆ 6: ಬೀಗ ಭದ್ರವಾಗಿದ್ದರೆ ಇವರೂ ಭದ್ರ

ವಾಸ್ತವ: ಬೀಗದೊಳಗೂ ಸಾವು ಬರುತ್ತದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಆಶ್ರಯಧಾಮವೊಂದಕ್ಕೆ ಬೆಂಕಿ ಬಿದ್ದಾಗ, ಅಲ್ಲಿದ್ದ ಮಾನಸಿಕ ಕಾಯಿಲೆಯ 28 ಮಂದಿ ಸತ್ತರು. ಸರಪಳಿ ಕಟ್ಟಿದ್ದರಿಂದ ಅವರಿಗೆ ಓಡಿಹೋಗಲಾಗಲಿಲ್ಲ. ಆಕ್ಸ್‌ಫರ್ಡ್‌ನ ಚಿಕಿತ್ಸಾ ಘಟಕವೊಂದರಲ್ಲಿ 2013ರ ಜುಲೈ 4ರಂದು ಆಟಿಸಂ ಮತ್ತು ಮೂರ್ಛೆರೋಗವಿದ್ದ 18 ವರ್ಷದ ಕಾನರ್ ಸ್ಪ್ಯಾರೋಹಾಕ್ ಸ್ನಾನದ ತೊಟ್ಟಿಯಲ್ಲಿ ಮುಳುಗಿ ತೀರಿಕೊಂಡ. ಫಿಟ್ಸ್ ಬರುತ್ತಿದೆ ಎಂದು ತಾಯಿ ಮೊದಲೇ ಎಚ್ಚರಿಸಿದ್ದರು. ಸ್ನಾನದ ಹೊತ್ತಿಗೆ ಅವನ ಹತ್ತಿರ ಯಾರೂ ಇರಲಿಲ್ಲ. ಈ ಸಾವಿಗೆ ನಿರ್ಲಕ್ಷ್ಯವೂ ಕಾರಣ ಎಂದು 2015ರ ವಿಚಾರಣೆಯಲ್ಲಿ ಜ್ಯೂರಿ ತೀರ್ಪಿತ್ತಿತು.

ಇಂಗ್ಲೆಂಡಿನಲ್ಲಿ ಬೌದ್ಧಿಕ ಅಸಾಮರ್ಥ್ಯವಿರುವವರ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸುವ ವ್ಯವಸ್ಥೆಯಿದೆ. ಇವರು ಉಳಿದವರಿಗಿಂತ ಸುಮಾರು 20 ವರ್ಷ ಮೊದಲೇ ಸಾಯುತ್ತಾರೆ, ಆ ಸಾವುಗಳಲ್ಲಿ ಬಹಳಷ್ಟನ್ನು ತಪ್ಪಿಸಬಹುದಿತ್ತು ಎಂದು ಅದು ತೋರಿಸಿಕೊಟ್ಟಿದೆ. ಗಂಟಲಿಗೆ ಸಿಕ್ಕಿ ಶ್ವಾಸಕೋಶಕ್ಕಿಳಿದ ತುತ್ತು, ವಾರಗಟ್ಟಲೆ ಗಮನಿಸದ ಮಲಬದ್ಧತೆ, ಹಿಡಿತಕ್ಕೆ ಬಾರದ ಮೂರ್ಛೆ, ಇಂಥವು ಪ್ರಾಣಕ್ಕೆ ಎರವಾಗುತ್ತವೆ. ಯಾರಿಗೆ ಅನ್ನ ಮೆತ್ತಗಿರಬೇಕು, ಯಾರನ್ನು ಸ್ನಾನಕ್ಕೆ ಒಬ್ಬರೇ ಬಿಡಬಾರದು, ಯಾರು ಮೂರು ದಿನದಿಂದ ಮಲವಿಸರ್ಜನೆ ಮಾಡಿಲ್ಲ ಎಂಬುದು ರಾತ್ರಿ ಪಾಳಿಯವರಿಗೂ ಗೊತ್ತಿರಬೇಕು. ಭದ್ರತೆ ಎಂದರೆ ಅಷ್ಟು ಹತ್ತಿರದಿಂದ ಬಲ್ಲ ಒಬ್ಬರು ಪಕ್ಕದಲ್ಲಿರುವುದು.

ತಪ್ಪು ಕಲ್ಪನೆ 7: ಸೇವಾ ಮನೋಭಾವ ಇದ್ದರೆ ಸಾಕು, ತರಬೇತಿ ಯಾಕೆ?

ವಾಸ್ತವ: ಮನಸ್ಸು ಬೇಕೇಬೇಕು. ಆದರೆ ಫಿಟ್ಸ್ ಬಂದಾಗ ಬಾಯಿಗೆ ಚಮಚ ತುರುಕದೆ ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕೆಂಬುದು ಬರಿಯ ಮಮತೆಯಿಂದ ಗೊತ್ತಾಗುವುದಿಲ್ಲ, ಕಲಿಯಬೇಕು. ಸಿಟ್ಟಿಗೆದ್ದವರ ಮುಂದೆ ದನಿ ತಗ್ಗಿಸಿ ಎರಡು ಹೆಜ್ಜೆ ಹಿಂದೆ ಸರಿಯುವುದೂ ಕಲಿತೇ ಬರಬೇಕು. ಇದಕ್ಕಾಗಿಯೇ ನ್ಯಾಷನಲ್ ಟ್ರಸ್ಟ್ ‘ಸಹಯೋಗಿ’ ಎಂಬ ಆರೈಕೆದಾರರ ತರಬೇತಿ ಯೋಜನೆ ಮಾಡಿತು.

‘ಸೇವೆ’ ಎಂಬ ಪದದ ಮರೆಯಲ್ಲಿ ಇನ್ನೊಂದು ಅನ್ಯಾಯ ಅಡಗಿರುತ್ತದೆ. ಹನ್ನೆರಡು ಗಂಟೆ ದುಡಿದು, ಅಲ್ಲೇ ಮಲಗಿ, ಕೈಗೆ ಬರುವ ಸಂಬಳ ಸಾಲದೆ ಹೆಣ್ಣುಮಕ್ಕಳು ಗಾರ್ಮೆಂಟ್ಸ್ ಕಡೆ ಹೋಗುತ್ತಾರೆ. ಪ್ರತಿ ಸಲ ಹೊಸಬರು ಬಂದಾಗ ತಮ್ಮನಂಥವರ ಹತ್ತು ಪದಗಳ ಅರ್ಥವನ್ನು ಮೊದಲಿನಿಂದ ಕಲಿಯಬೇಕು. ಅವನು ‘ಬಸ್ಸು’ ಅಂದರೆ ಸಾಕಾಯಿತು, ಹೊರಗೆ ಹೋಗೋಣ ಎಂದರ್ಥ. ಇದು ಹೊಸಬರಿಗೆ ಹೇಗೆ ಗೊತ್ತಾಗಬೇಕು? ಆರೈಕೆ ಮಾಡುವವರನ್ನು ಚೆನ್ನಾಗಿ ನೋಡಿಕೊಳ್ಳದ ಹೋಮ್ ಒಳಗಿರುವವರನ್ನೂ ಚೆನ್ನಾಗಿ ನೋಡಿಕೊಳ್ಳಲಾರದು.

ತಪ್ಪು ಕಲ್ಪನೆ 8: ಪ್ರಶ್ನೆ ಕೇಳಿದರೆ ಹೊರಗೆ ಹಾಕುತ್ತಾರೆ, ಸುಮ್ಮನಿರುವುದೇ ಲೇಸು

ವಾಸ್ತವ: ಈ ಭಯ ನಿಜ, ಯಾಕೆಂದರೆ ಹೋಮ್‌ಗಳು ಕಡಿಮೆ, ಕಾಯುವವರು ಹೆಚ್ಚು. ನಾನೂ ಹಲ್ಲಿನ ವಿಷಯದಲ್ಲಿ ಗಟ್ಟಿಯಾಗಿ ಕೇಳಲು ಹಿಂಜರಿದೆ. ಆದರೆ ಕಾನೂನು ನಮ್ಮ ಕಡೆ ಇದೆ ಎಂಬುದು ತಿಳಿದಿರಲಿ. ನೋಂದಣಿ ಪ್ರಮಾಣಪತ್ರವಿಲ್ಲದೆ ವಿಕಲಚೇತನರ ಸಂಸ್ಥೆ ನಡೆಸುವಂತಿಲ್ಲ ಎನ್ನುತ್ತದೆ 2016ರ ಕಾಯ್ದೆ. ಹಿಂಸೆ, ಶೋಷಣೆಯ ಬಗ್ಗೆ ಯಾರು ಬೇಕಾದರೂ ಎಕ್ಸಿಕ್ಯುಟಿವ್ ಮ್ಯಾಜಿಸ್ಟ್ರೇಟರಿಗೆ ತಿಳಿಸಬಹುದು. ತಮ್ಮ ಸುಪರ್ದಿಯಲ್ಲಿರುವವರಿಗೆ ಬೇಕೆಂದೇ ಅನ್ನ ನೀರು ಕೊಡದಿರುವುದು ಅದೇ ಕಾಯ್ದೆಯಡಿ ಅಪರಾಧ. ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು. ರಾಜ್ಯದಲ್ಲಿ ವಿಕಲಚೇತನರ ಆಯುಕ್ತರಿದ್ದಾರೆ, ಅವರಿಗೂ ದೂರು ಕೊಡಬಹುದು. ಒಳ್ಳೆಯ ಹೋಮ್‌ನವರು ಪ್ರಶ್ನೆಗೆ ಮುನಿಸಿಕೊಳ್ಳುವುದಿಲ್ಲ. ಈಗಿನ ಮನೆಯ ಮೇಲ್ವಿಚಾರಕಿ ನನಗೆ ಮೊದಲ ದಿನವೇ ಹೇಳಿದ್ದು: ‘ಹೇಳದೆ ಕೇಳದೆ ಬನ್ನಿ ಮೇಡಂ, ಯಾವ ಹೊತ್ತಿಗಾದರೂ ಬನ್ನಿ.’

ಹಾಗಾದರೆ ಏನು ನೋಡಬೇಕು?

ಬೆಳಗಿನ ಹನ್ನೊಂದಕ್ಕೆ ಹೋಗಬೇಡಿ, ಆ ಹೊತ್ತಿಗೆ ಎಲ್ಲ ಹೋಮ್‌ಗಳೂ ಚೆನ್ನಾಗಿರುತ್ತವೆ. ಸಂಜೆ ಆರಕ್ಕೆ ಹೋಗಿ, ಭಾನುವಾರ ಹೋಗಿ. ರಾತ್ರಿಯೂಟ ಎಷ್ಟು ಹೊತ್ತಿಗೆಂದು ಕೇಳಿ. ಐದೂವರೆಗೇ ಬಡಿಸುತ್ತಿದ್ದರೆ ಪಾಳಿ ಬದಲಾವಣೆಯ ಸಲುವಾಗಿ ಇವರ ಹಸಿವನ್ನು ಹೊಂದಿಸಿದ್ದಾರೆ ಎಂದರ್ಥ. ಹಲ್ಲುಜ್ಜುವ ಬ್ರಷ್ಷುಗಳ ಮೇಲೆ ಹೆಸರಿದೆಯೇ ನೋಡಿ. ಬೀರು ಯಾರದು, ಬೀಗದ ಕೈ ಯಾರ ಹತ್ತಿರ ಎಂದು ಕೇಳಿ. ಕಳೆದ ವಾರ ಗೇಟಿನಾಚೆ ಹೋದವರು ಯಾರು, ಎಲ್ಲಿಗೆ ಹೋದರು ಎಂದು ಕೇಳಿ. ಆರೈಕೆಯವರು ಬಂದು ಎಷ್ಟು ವರ್ಷವಾಯಿತೆಂದು ವಿಚಾರಿಸಿ. ಸಾಧ್ಯವಾದರೆ ಅವರ ಜೊತೆ ಕೂತು ಒಂದು ಊಟ ಮಾಡಿ. ಆಮೇಲೆ ಅಲ್ಲಿರುವವರ ಮುಖ ನೋಡಿ.

ಕಳೆದ ತಿಂಗಳು ಹೇಳದೆ ಹೋಗಿದ್ದೆ. ತಮ್ಮ ಅಡುಗೆಮನೆಯಲ್ಲಿದ್ದ. ನನ್ನನ್ನು ನೋಡಿ ‘ಅಕ್ಕ’ ಅಂದ, ಮತ್ತೆ ಕಟ್ಟೆಯ ಕಡೆ ತಿರುಗಿದ. ಸ್ವಲ್ಪ ಹೊತ್ತಾದ ಮೇಲೆ ಎರಡು ಲೋಟ ಹಿಡಿದು ಬಂದ. ನನ್ನದರಲ್ಲಿ ಅರ್ಧವೇ ಇತ್ತು, ಉಗುರುಬೆಚ್ಚಗಿತ್ತು, ಸಕ್ಕರೆ ಇರಲಿಲ್ಲ. ಇಷ್ಟು ವರ್ಷ ಅವನಿಗೆ ಬಡಿಸಿದವರು ಅಮ್ಮ ಮತ್ತು ನಾನು. ಅಂದು ಅವನು ತನ್ನ ಮನೆಗೆ ಬಂದ ನೆಂಟಳಿಗೆ ಕಾಫಿ ಕೊಟ್ಟ.